ಕೆಟ್ಟು ನಿಂತ ಕಂಪ್ಯೂಟರಿಗೆ ಒಂದು ಗಂಟೆಯ ಮದ್ದು





ಮಳೆಗಾಲಕ್ಕೆ ಮುಂಚೆ ಸಂಜೆಯ ಹೊತ್ತು ನಮ್ಮ ಕರಾವಳಿಯಲ್ಲಿ ಗುಡುಗು ಸಿಡಿಲಿನ ಆರ್ಭಟ ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ. ಅಂತಹ ಒಂದು ಸಂಜೆ ನಮ್ಮ ನೆರೆಮನೆಯ ಸಹೋದರಿಯೊಬ್ಬರು ಕಂಪ್ಯೂಟರಿನ ಮುಂದೆ ಕುಳಿತಿದ್ದಾಗ ಕರೆಂಟ್ ಹೋಯಿತು. ಬಂತು, ಪುನಃ ಹೋಯಿತು. ಮತ್ತೆ ಆನ್ ಮಾಡಿದಾಗ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಎರಡು ಸಾಲು ಬಂದು ನಿಂತಿತು. ವಿಂಡೋಸ್ ತೆರೆಯಲೇ ಇಲ್ಲ.

ಅವರ ಪತಿ ಗಲ್ಫ್‌ನಲ್ಲಿದ್ದಾರೆ. ಇವರು ಮಕ್ಕಳನ್ನು ನೋಡಿಕೊಂಡು ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತಾರೆ. ಮದುವೆಯ ಆಮಂತ್ರಣ, ಮದ್ರಸದ ಪ್ರಶ್ನೆಪತ್ರಿಕೆ, ಶಾಲೆಯ ವಾರ್ಷಿಕ ವರದಿ ಇತ್ಯಾದಿ. ಆ ವಾರ ಮೂರು ಮದುವೆಯ ಕಾರ್ಡು ಕೊಡಲಿಕ್ಕಿತ್ತು. ಮರುದಿನ ಕಂಪ್ಯೂಟರನ್ನು ಪೇಟೆಯ ಅಂಗಡಿಗೆ ಕಳುಹಿಸಿದರು. "ಫಾರ್ಮ್ಯಾಟ್ ಹೊಡೆಯಬೇಕು" ಎಂದರು. ಇವರು ಆಗಲಿ ಎಂದರು. ಮೂರನೆಯ ದಿನ ಕಂಪ್ಯೂಟರ್ ಮನೆಗೆ ಬಂತು. ವಿಂಡೋಸ್ ಇತ್ತು, ಆದರೆ ಬೇರೇನೂ ಇರಲಿಲ್ಲ. ನುಡಿ ಇಲ್ಲ, ಬರಹ ಇಲ್ಲ, ವರ್ಷಗಟ್ಟಲೆ ಕೂಡಿಸಿಟ್ಟ ಅಕ್ಷರ ವಿನ್ಯಾಸಗಳಿಲ್ಲ, ಪ್ರಿಂಟರ್ ಮಾತು ಕೇಳುತ್ತಿಲ್ಲ. ಎಲ್ಲವನ್ನೂ ಒಂದೊಂದಾಗಿ ಪುನಃ ಹಾಕಿ ಮೊದಲಿನಂತೆ ಮಾಡಲು ಇನ್ನೊಂದು ವಾರ ಹಿಡಿಯಿತು. ಅಷ್ಟರಲ್ಲಿ ಒಂದು ಮದುವೆಯವರು ಬೇರೆ ಕಡೆ ಕಾರ್ಡು ಮಾಡಿಸಿಕೊಂಡರು.

ಆದರೆ ಅವರಿಗೆ ದುಃಖವಾದದ್ದು ಅದಕ್ಕಲ್ಲ. ತೀರಿಹೋದ ಅವರ ಬಾಪ ಕೊನೆಯ ವರ್ಷದಲ್ಲಿ ಫೋನಿಗೆ ಕಳುಹಿಸುತ್ತಿದ್ದ ಧ್ವನಿ ಸಂದೇಶಗಳಿದ್ದುವು. ಮಕ್ಕಳು ಊಟ ಮಾಡಿದರಾ, ನಮಾಝ್ ಆಯಿತಾ ಎಂಬಂತಹ ಸಣ್ಣ ಸಣ್ಣ ಮಾತುಗಳು. ಫೋನ್ ಹಾಳಾದರೆ ಹೋದೀತೆಂದು ಹೆದರಿ ಅವರು ಅವನ್ನೆಲ್ಲ ಕಂಪ್ಯೂಟರಿನಲ್ಲಿ "ಭದ್ರವಾಗಿ" ಇಟ್ಟಿದ್ದರು. ಕಾರ್ಡು ಇನ್ನೊಮ್ಮೆ ಮಾಡಬಹುದು, ಬಾಪನ ಸ್ವರವನ್ನು ಎಲ್ಲಿಂದ ತರಲಿ ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಈ ಸಂಚಿಕೆಯ ಅಂಕಣವನ್ನು ಬರೆಯಲು ಅದೇ ಕಾರಣ. ಅವರ ಮನೆಯಲ್ಲಿ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದ್ದು, ಅದರಲ್ಲಿ ಕಂಪ್ಯೂಟರಿನ ಒಂದು "ಡಿಸ್ಕ್ ಇಮೇಜ್" ಇದ್ದಿದ್ದರೆ, ಆ ರಾತ್ರಿ ಇಶಾ ನಮಾಝಿನ ನಂತರ ಕುಳಿತು ಮಲಗುವ ಮುಂಚೆ ಎಲ್ಲವನ್ನೂ ಮೊದಲಿನಂತೆ ಮಾಡಿಕೊಳ್ಳಬಹುದಿತ್ತು.

ಡಿಸ್ಕ್ ಇಮೇಜ್ ಎಂದರೇನು?

ನಮ್ಮಲ್ಲಿ ಹೆಚ್ಚಿನವರು ಬ್ಯಾಕಪ್ ಎಂದರೆ ಫೋಟೋ ಮತ್ತು ಮುಖ್ಯ ಫೈಲ್‌ಗಳನ್ನು ಪೆನ್ ಡ್ರೈವಿಗೆ ಕಾಪಿ ಮಾಡುವುದು ಎಂದು ತಿಳಿದಿದ್ದಾರೆ. ಅದು ಒಳ್ಳೆಯದೇ, ಆದರೆ ಅಷ್ಟೇ ಸಾಲದು. ನಿಮ್ಮ ಅಡುಗೆಮನೆಯನ್ನು ನೆನಪಿಸಿಕೊಳ್ಳಿ. ಮನೆ ಬದಲಾಯಿಸುವಾಗ ಅಕ್ಕಿ, ಬೇಳೆ, ಮಸಾಲೆ ಮಾತ್ರ ತೆಗೆದುಕೊಂಡು ಹೋದರೆ ಅಂದೇ ಅಡುಗೆ ಆಗುತ್ತದೆಯೇ? ಒಲೆ ಬೇಕು, ಗ್ಯಾಸ್ ಬೇಕು, ಪಾತ್ರೆ ಬೇಕು, ಮಿಕ್ಸಿ ಬೇಕು, ಯಾವುದು ಎಲ್ಲಿದೆ ಎಂದು ಕೈಗೆ ಅಭ್ಯಾಸವಾಗಬೇಕು. ಫೈಲ್‌ಗಳ ಬ್ಯಾಕಪ್ ಅಕ್ಕಿ ಬೇಳೆಯಂತೆ. ಡಿಸ್ಕ್ ಇಮೇಜ್ ಎಂದರೆ ಒಲೆ, ಪಾತ್ರೆ, ಡಬ್ಬಿಗಳ ಸಮೇತ ಇಡೀ ಅಡುಗೆಮನೆಯನ್ನು ಇದ್ದ ಹಾಗೆಯೇ ಎತ್ತಿಟ್ಟಂತೆ.

ಹಾರ್ಡ್ ಡಿಸ್ಕಿನಲ್ಲಿರುವ ವಿಂಡೋಸ್, ನೀವು ಹಾಕಿಕೊಂಡ ಪ್ರೋಗ್ರಾಂಗಳು, ಪ್ರಿಂಟರಿನ ಡ್ರೈವರ್, ಕನ್ನಡದ ಅಕ್ಷರಗಳು, ಸೆಟ್ಟಿಂಗ್‌ಗಳು, ಫೈಲ್‌ಗಳು, ಕೊನೆಗೆ ಡೆಸ್ಕ್‌ಟಾಪ್‌ನಲ್ಲಿರುವ ಮಗುವಿನ ಚಿತ್ರದವರೆಗೆ ಎಲ್ಲವನ್ನೂ ಒಟ್ಟಾಗಿ ಪ್ರತಿ ತೆಗೆದು ಇನ್ನೊಂದು ಡಿಸ್ಕಿನಲ್ಲಿ ಇಡುವುದಕ್ಕೆ ಇಮೇಜ್ ಎನ್ನುತ್ತಾರೆ. ಖಾಲಿ ಜಾಗವನ್ನು ಬಿಟ್ಟು, ತುಂಬಿದ ಭಾಗವನ್ನು ಮಾತ್ರ ಒತ್ತಿ ಚಿಕ್ಕದು ಮಾಡಿ ಇಡುವುದರಿಂದ ಅದು ಡಿಸ್ಕಿನಷ್ಟು ದೊಡ್ಡದಾಗಿರುವುದಿಲ್ಲ. 500 ಜಿಬಿಯ ಡಿಸ್ಕಿನಲ್ಲಿ 80 ಜಿಬಿ ಮಾತ್ರ ತುಂಬಿದ್ದರೆ, ಇಮೇಜಿಗೆ ಸಾಮಾನ್ಯವಾಗಿ 80 ಜಿಬಿಗಿಂತಲೂ ಕಡಿಮೆ ಜಾಗ ಸಾಕು.

ಇದು ಹೊಸ ಸಂಗತಿಯೇನಲ್ಲ. 1990ರ ದಶಕದಲ್ಲಿ ನ್ಯೂಝಿಲೆಂಡಿನ ಆಕ್ಲೆಂಡಿನಲ್ಲಿ ತಯಾರಾದ "ಘೋಸ್ಟ್" ಎಂಬ ಸಾಫ್ಟ್‌ವೇರ್ ಇದಕ್ಕೆ ಪ್ರಸಿದ್ಧವಾಗಿತ್ತು. 1998ರಲ್ಲಿ ಸಿಮ್ಯಾಂಟೆಕ್ ಕಂಪೆನಿ ಅದನ್ನು ಖರೀದಿಸಿ ನಾರ್ಟನ್ ಘೋಸ್ಟ್ ಎಂಬ ಹೆಸರಿನಲ್ಲಿ ಮಾರಿತು. ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಒಂದು ಯಂತ್ರವನ್ನು ಸಿದ್ಧಗೊಳಿಸಿ, ಅದರ ಇಮೇಜನ್ನು ಉಳಿದ ಎಲ್ಲ ಯಂತ್ರಗಳಿಗೂ ಇಳಿಸುತ್ತಿದ್ದರು. 2013ರಲ್ಲಿ ನಾರ್ಟನ್ ಘೋಸ್ಟ್ ನಿಂತುಹೋಯಿತು. ಆದರೆ ಅದೇ ಕೆಲಸವನ್ನು ಉಚಿತವಾಗಿ ಮಾಡಿಕೊಡುವ ಸಾಫ್ಟ್‌ವೇರ್‌ಗಳು ಈಗ ಇವೆ. ತೈವಾನಿನಲ್ಲಿ ತಯಾರಾದ ಕ್ಲೋನ್‌ಝಿಲ್ಲಾ ಅವುಗಳಲ್ಲೊಂದು. ಅದೇ ದಾರಿಯಲ್ಲಿ ನಡೆಯುವ, ಮೌಸ್ ಒತ್ತಿ ಸುಲಭವಾಗಿ ಬಳಸಬಹುದಾದ ರೆಸ್ಕ್ಯೂಝಿಲ್ಲಾ ಇನ್ನೊಂದು. ಆದ್ದರಿಂದ ಕದ್ದ ಸಾಫ್ಟ್‌ವೇರಿನ ಹಂಗಿಲ್ಲದೆ ಹಲಾಲ್ ಆದ ದಾರಿಯಲ್ಲೇ ಈ ಕೆಲಸ ಮಾಡಿಕೊಳ್ಳಬಹುದು.

ಮೂರು ಬೇರೆ ಬೇರೆ ವಿಷಯಗಳು

ಇಲ್ಲಿ ಹಲವರಿಗೆ ಗೊಂದಲವಾಗುತ್ತದೆ. ರಿಸ್ಟೋರ್ ಪಾಯಿಂಟ್ ಎಂಬುದು ವಿಂಡೋಸಿನ ಒಳಗೇ ಇರುವ ವ್ಯವಸ್ಥೆ. ಹೊಸದಾಗಿ ಹಾಕಿದ ಪ್ರೋಗ್ರಾಂ ತೊಂದರೆ ಕೊಟ್ಟರೆ ಹಿಂದಿನ ಸ್ಥಿತಿಗೆ ಹೋಗಲು ಅದು ಸಹಾಯಕ. ಆದರೆ ಅದು ಇರುವುದು ಅದೇ ಡಿಸ್ಕಿನಲ್ಲಿ. ಡಿಸ್ಕ್ ಸತ್ತರೆ ಅದೂ ಹೋಯಿತು. ಅದು ನಿಮ್ಮ ಫೋಟೋ, ಪತ್ರಗಳನ್ನು ಕಾಪಾಡುವುದೂ ಇಲ್ಲ.

ಫೈಲ್ ಬ್ಯಾಕಪ್ ಎಂದರೆ ನೀವು ಆರಿಸಿದ ಫೈಲ್‌ಗಳ ಪ್ರತಿ. ಇದನ್ನು ವಾರಕ್ಕೊಮ್ಮೆಯಾದರೂ ಮಾಡಬೇಕು. ಇಮೇಜ್ ಎಂದರೆ ಇಡೀ ವ್ಯವಸ್ಥೆಯ ಪ್ರತಿ. ಇದನ್ನು ಎರಡು ಮೂರು ತಿಂಗಳಿಗೊಮ್ಮೆ ಮತ್ತು ದೊಡ್ಡ ಬದಲಾವಣೆಗೆ ಮುಂಚೆ ಮಾಡಿದರೆ ಸಾಕು. ಎರಡೂ ಬೇಕು. ಇಮೇಜ್ ತೆಗೆದ ದಿನ ಕಂಪ್ಯೂಟರ್ ಹೇಗಿತ್ತೋ ಹಾಗೆಯೇ ವಾಪಸು ಬರುತ್ತದೆ. ಆ ನಂತರ ಮಾಡಿದ ಕೆಲಸ ಅದರಲ್ಲಿರುವುದಿಲ್ಲ. ಮುಹರ್ರಮ್ ತಿಂಗಳಲ್ಲಿ ತೆಗೆದ ಇಮೇಜನ್ನು ಸಫರ್ ತಿಂಗಳಲ್ಲಿ ಇಳಿಸಿದರೆ ನಡುವಿನ ಕೆಲಸವನ್ನು ಫೈಲ್ ಬ್ಯಾಕಪ್‌ನಿಂದಲೇ ತುಂಬಿಸಿಕೊಳ್ಳಬೇಕು.

ಏನೆಲ್ಲ ಬೇಕು?

ಎರಡೇ ವಸ್ತುಗಳು ಸಾಕು. ಮೊದಲನೆಯದು, ಯುಎಸ್‌ಬಿಯಲ್ಲಿ ಜೋಡಿಸುವ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಅದರಲ್ಲಿ ಕಂಪ್ಯೂಟರಿನಲ್ಲಿ ತುಂಬಿರುವುದರ ಎರಡು ಪಟ್ಟಾದರೂ ಜಾಗವಿರಲಿ, ಏಕೆಂದರೆ ಎರಡು ಇಮೇಜ್‌ಗಳನ್ನು ಇಡಬೇಕಾಗುತ್ತದೆ. ಎರಡನೆಯದು, ಒಂದು ಪೆನ್ ಡ್ರೈವ್. 32 ಜಿಬಿಯದ್ದಾದರೆ ಒಳ್ಳೆಯದು. ವಿಂಡೋಸ್ ತೆರೆಯದೆ ಹೋದಾಗ ಕಂಪ್ಯೂಟರನ್ನು ಎಬ್ಬಿಸಲು ಈ ಪೆನ್ ಡ್ರೈವೇ ಬೀಗದ ಕೈ. ಇದನ್ನು ತಯಾರಿಸುವಾಗ ಅದರೊಳಗೆ ಇರುವುದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಈದ್‌ನ ಫೋಟೋ ಇರುವ ಪೆನ್ ಡ್ರೈವನ್ನು ಇದಕ್ಕೆ ಬಳಸಬೇಡಿ!

ಇಮೇಜ್ ತೆಗೆಯುವ ವಿಧಾನ

ವಿಂಡೋಸ್ 10 ಮತ್ತು 11ರಲ್ಲಿ ಇದಕ್ಕೆ ಹಳೆಯದೊಂದು ವ್ಯವಸ್ಥೆ ಒಳಗೇ ಇದೆ.

1. ಮೊದಲು ಮನೆ ಗುಡಿಸಿ. ಬೇಡದ ಪ್ರೋಗ್ರಾಂ ತೆಗೆಯಿರಿ, ರಿಸೈಕಲ್ ಬಿನ್ ಖಾಲಿ ಮಾಡಿ, ವೈರಸ್ ಪರೀಕ್ಷೆ ಮಾಡಿ. ವೈರಸ್ ಇರುವಾಗ ಇಮೇಜ್ ತೆಗೆದರೆ ಅದರೊಳಗೆ ವೈರಸ್ ಕೂಡ ಭದ್ರವಾಗಿ ಕುಳಿತುಕೊಳ್ಳುತ್ತದೆ.

2. ಎಕ್ಸ್‌ಟರ್ನಲ್ ಡಿಸ್ಕ್ ಜೋಡಿಸಿ. ಅದು ಎನ್‌ಟಿಎಫ್‌ಎಸ್ ವಿಧದಲ್ಲಿ ಫಾರ್ಮ್ಯಾಟ್ ಆಗಿರಬೇಕು. ಡ್ರೈವಿನ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ನೋಡಿದರೆ ಗೊತ್ತಾಗುತ್ತದೆ.

3. ಕಂಟ್ರೋಲ್ ಪ್ಯಾನಲ್ ತೆರೆದು "ಬ್ಯಾಕಪ್ ಆಂಡ್ ರಿಸ್ಟೋರ್, ವಿಂಡೋಸ್ 7" ಎಂಬಲ್ಲಿಗೆ ಹೋಗಿ. ಹೆಸರಿನಲ್ಲಿ 7 ಎಂದಿದ್ದರೂ ಗಾಬರಿ ಬೇಡ, 2009ರಲ್ಲಿ ಬಂದ ವಿಂಡೋಸ್ 7ರಲ್ಲಿದ್ದ ವ್ಯವಸ್ಥೆಯನ್ನೇ ಇಲ್ಲಿ ಇಟ್ಟಿದ್ದಾರೆ. ಎಡಗಡೆ ಇರುವ "ಕ್ರಿಯೇಟ್ ಎ ಸಿಸ್ಟಂ ಇಮೇಜ್" ಒತ್ತಿ, ಎಕ್ಸ್‌ಟರ್ನಲ್ ಡಿಸ್ಕನ್ನು ಆರಿಸಿ, ಮುಂದುವರಿಯಿರಿ.

4. ಆ ಡಿಸ್ಕಿನಲ್ಲಿ "ವಿಂಡೋಸ್ ಇಮೇಜ್ ಬ್ಯಾಕಪ್" ಎಂಬ ಫೋಲ್ಡರ್ ತಯಾರಾಗುತ್ತದೆ. ಅದರ ಹೆಸರು ಬದಲಾಯಿಸಬೇಡಿ, ಇನ್ನೊಂದು ಫೋಲ್ಡರಿನ ಒಳಗೆ ಹಾಕಬೇಡಿ. ಹಾಗೆ ಮಾಡಿದರೆ ಕಷ್ಟಕಾಲದಲ್ಲಿ ಕಂಪ್ಯೂಟರಿಗೆ ಅದು ಕಾಣುವುದಿಲ್ಲ.

5. ನಂತರ ಸರ್ಚ್‌ನಲ್ಲಿ "ರಿಕವರಿ ಡ್ರೈವ್" ಎಂದು ಹುಡುಕಿ, ಖಾಲಿ ಪೆನ್ ಡ್ರೈವಿನಲ್ಲಿ ಅದನ್ನು ತಯಾರಿಸಿಕೊಳ್ಳಿ.

ಎಷ್ಟು ತುಂಬಿದೆ, ಯಂತ್ರ ಎಷ್ಟು ಹಳೆಯದು ಎಂಬುದರ ಮೇಲೆ ಇದಕ್ಕೆ ಅರ್ಧ ಗಂಟೆಯೂ ಆಗಬಹುದು, ಎರಡು ಗಂಟೆಯೂ ಆಗಬಹುದು. ಮಧ್ಯಾಹ್ನ ಅಡುಗೆಗೆ ಇಡುವಾಗ ಆರಂಭಿಸಿದರೆ ಊಟವಾಗುವಷ್ಟರಲ್ಲಿ ಮುಗಿದಿರುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಇಡಿ. ಗುಡುಗು ಇರುವಾಗ ಈ ಕೆಲಸಕ್ಕೆ ಕೈಹಾಕಬೇಡಿ.

ಈ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ಕಂಪೆನಿ ಮುಂದೆ ಬೆಳೆಸುತ್ತಿಲ್ಲ. 2017ರಲ್ಲೇ ಬೇರೆ ಸಾಫ್ಟ್‌ವೇರ್ ಬಳಸುವಂತೆ ಅದು ಸಲಹೆ ನೀಡಿದೆ. ಆದ್ದರಿಂದ ಸ್ವಲ್ಪ ಅಭ್ಯಾಸವಿರುವವರು ಅಥವಾ ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿರುವವರು ರೆಸ್ಕ್ಯೂಝಿಲ್ಲಾ ಕಲಿತುಕೊಂಡರೆ ಇನ್ನೂ ಒಳ್ಳೆಯದು. ಅದನ್ನು ಇಳಿಸಿಕೊಂಡು ಪೆನ್ ಡ್ರೈವಿಗೆ ಬರಿದೇ ಕಾಪಿ ಮಾಡಿದರೆ ನಡೆಯುವುದಿಲ್ಲ. ರುಫಸ್ ಅಥವಾ ಎಚ್ಚರ್‌ನಂತಹ ಚಿಕ್ಕ ಸಾಫ್ಟ್‌ವೇರಿನಿಂದ ಬರೆಯಬೇಕು. ನಂತರ ಆ ಪೆನ್ ಡ್ರೈವಿನಿಂದ ಕಂಪ್ಯೂಟರ್ ಆನ್ ಮಾಡಿದರೆ ಬ್ಯಾಕಪ್, ರಿಸ್ಟೋರ್, ವೆರಿಫೈ ಎಂಬ ಗುಂಡಿಗಳು ಬರುತ್ತವೆ. ಇಮೇಜ್ ತೆಗೆದ ಬಳಿಕ ವೆರಿಫೈ ಒತ್ತಿ ಅದು ಸರಿಯಾಗಿದೆಯೇ ಎಂದು ನೋಡಲು ಮರೆಯದಿರಿ.

ಕಂಪ್ಯೂಟರ್ ಕೆಟ್ಟ ದಿನ

ಆ ದಿನ ಬಂದರೆ ಗಾಬರಿಯಾಗಬೇಡಿ. ವಿಂಡೋಸ್ ತೆರೆಯುವುದಿಲ್ಲ ಎಂದ ಮಾತ್ರಕ್ಕೆ ನಿಮ್ಮ ಫೈಲ್‌ಗಳು ಹೋದವು ಎಂದರ್ಥವಲ್ಲ. ಬಾಗಿಲಿನ ಬೀಗ ಕೆಟ್ಟರೆ ಒಳಗಿನ ಸಾಮಾನು ಎಲ್ಲಿಗೆ ಹೋಗುತ್ತದೆ? ಹೆಚ್ಚಿನ ಸಂದರ್ಭಗಳಲ್ಲಿ ಅವು ಡಿಸ್ಕಿನಲ್ಲಿ ಹಾಗೆಯೇ ಇರುತ್ತವೆ. ರೆಸ್ಕ್ಯೂಝಿಲ್ಲಾ ಪೆನ್ ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿದರೆ ಒಳಗಿನ ಫೋಲ್ಡರ್‌ಗಳನ್ನು ತೆರೆದು, ಇತ್ತೀಚಿನ ಫೈಲ್‌ಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಬಹುದು. ಇದನ್ನು ಮೊದಲು ಮಾಡಿ. ಏಕೆಂದರೆ ಇಮೇಜ್ ಇಳಿಸುವಾಗ ಡಿಸ್ಕಿನಲ್ಲಿ ಈಗ ಇರುವುದೆಲ್ಲ ಅಳಿಸಿ ಅದರ ಮೇಲೆ ಹಳೆಯದು ಬರೆಯಲ್ಪಡುತ್ತದೆ. ನನ್ನ ನೆರೆಮನೆಯ ಸಹೋದರಿಗೆ ಈ ಒಂದು ಮಾತು ಗೊತ್ತಿದ್ದಿದ್ದರೆ, ಫಾರ್ಮ್ಯಾಟ್‌ಗೆ ಒಪ್ಪುವ ಮುಂಚೆ "ಒಳಗಿರುವುದನ್ನು ಮೊದಲು ತೆಗೆದುಕೊಡಿ" ಎಂದು ಹೇಳುತ್ತಿದ್ದರು.

ನಂತರ ಎಕ್ಸ್‌ಟರ್ನಲ್ ಡಿಸ್ಕ್ ಮತ್ತು ರಿಕವರಿ ಪೆನ್ ಡ್ರೈವ್ ಜೋಡಿಸಿ ಕಂಪ್ಯೂಟರ್ ಆನ್ ಮಾಡಿ. ಆನ್ ಆಗುತ್ತಿದ್ದಂತೆಯೇ ಎಫ್12, ಎಫ್2, ಎಸ್ಕೇಪ್ ಅಥವಾ ಡಿಲೀಟ್ ಕೀಗಳಲ್ಲಿ ಒಂದನ್ನು ಒತ್ತುತ್ತಾ ಇರಬೇಕು. ಯಾವ ಕೀ ಎಂಬುದು ಕಂಪೆನಿಯಿಂದ ಕಂಪೆನಿಗೆ ಬೇರೆ. ಈಗಲೇ ತಿಳಿದುಕೊಂಡು ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸಿ. ಪೆನ್ ಡ್ರೈವನ್ನು ಆರಿಸಿದ ಮೇಲೆ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಶನ್ಸ್, ಸಿಸ್ಟಂ ಇಮೇಜ್ ರಿಕವರಿ ಎಂದು ಹೋಗಿ ಇಮೇಜನ್ನು ಆರಿಸಿ. ಸುಮಾರು ಒಂದು ಗಂಟೆಯಲ್ಲಿ ನಿಮ್ಮ ಹಳೆಯ ಪರದೆ, ನುಡಿ, ಪ್ರಿಂಟರ್ ಎಲ್ಲವೂ ಹಿಂದಿನಂತೆ ಎದುರಿಗಿರುತ್ತವೆ, ಇನ್ಶಾ ಅಲ್ಲಾಹ್.

ಡಿಸ್ಕೇ ಸತ್ತಿದ್ದರೆ ಹೊಸ ಡಿಸ್ಕ್ ಹಾಕಿಸಿ ಅದಕ್ಕೆ ಇಮೇಜ್ ಇಳಿಸಬಹುದು. ಹೊಸದು ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. ಆದರೆ ಒಂದು ಕಂಪ್ಯೂಟರಿನ ಇಮೇಜನ್ನು ಬೇರೆಯೇ ಬಗೆಯ ಕಂಪ್ಯೂಟರಿಗೆ ಇಳಿಸಿದರೆ ಅದು ಸರಿಯಾಗಿ ನಡೆಯುತ್ತದೆಂದು ನಂಬುವಂತಿಲ್ಲ. ಇನ್ನೊಂದು ಎಚ್ಚರಿಕೆ: ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ಶಬ್ದ ಮಾಡುತ್ತಿದ್ದರೆ ತಕ್ಷಣ ಆಫ್ ಮಾಡಿ. ಪುನಃ ಪುನಃ ಆನ್ ಮಾಡಿ ನೋಡಿದಷ್ಟೂ ಒಳಗಿರುವುದು ಹಾಳಾಗುತ್ತದೆ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ತನ್ನಷ್ಟಕ್ಕೆ ಬಿದ್ದಿರುವುದುಂಟು. ಅದರ 48 ಅಂಕೆಗಳ ರಿಕವರಿ ಕೀಯನ್ನು ಇಂದೇ ಕಾಗದದಲ್ಲಿ ಬರೆದು ಮನೆಯ ದಾಖಲೆಪತ್ರಗಳ ಜೊತೆ ಇಡಿ. ಅದಿಲ್ಲದೆ ಡಿಸ್ಕಿನ ಒಳಗಿನ ಫೈಲ್‌ಗಳನ್ನು ಹೊರಗಿನಿಂದ ತೆಗೆಯಲಾಗದು.

ನಮ್ಮ ಫೋಟೋ, ನಮ್ಮ ಜವಾಬ್ದಾರಿ

ಈ ವಿಷಯದಲ್ಲಿ ಮಹಿಳೆಯರಿಗೆ ಇನ್ನೂ ಒಂದು ಕಾರಣವಿದೆ. ಕಂಪ್ಯೂಟರನ್ನು ರಿಪೇರಿಗೆ ಕೊಡುವಾಗ ನಾವು ಯಂತ್ರವನ್ನು ಮಾತ್ರ ಕೊಡುವುದಿಲ್ಲ. ಮನೆಯೊಳಗೆ ತೆಗೆದ ಫೋಟೋಗಳು, ಮಕ್ಕಳ ವೀಡಿಯೋಗಳು, ಬ್ಯಾಂಕಿನ ಕಾಗದಗಳು, ಪತಿ ಪತ್ನಿಯರ ನಡುವಿನ ಮಾತುಗಳು ಎಲ್ಲವನ್ನೂ ಅಪರಿಚಿತರ ಮೇಜಿನ ಮೇಲೆ ಇಟ್ಟು ಬರುತ್ತೇವೆ. ಅಂಗಡಿಯವರಲ್ಲಿ ಬಹಳ ಮಂದಿ ಪ್ರಾಮಾಣಿಕರು, ನಿಜ. ಆದರೆ ಮನೆಯ ಬಾಗಿಲನ್ನು ತೆರೆದಿಟ್ಟು ಹೋಗುವುದು ಪ್ರಾಮಾಣಿಕರ ಊರಿನಲ್ಲೂ ಸರಿಯಲ್ಲ. ಇಮೇಜ್ ಇದ್ದವರು ಹೆಚ್ಚಿನ ಸಂದರ್ಭಗಳಲ್ಲಿ ಅಂಗಡಿಗೆ ಹೋಗಬೇಕಾಗಿಯೇ ಇಲ್ಲ. ಹೋಗಲೇಬೇಕಾದರೆ ಡಿಸ್ಕನ್ನು ಬಿಚ್ಚಿಸಿ ಮನೆಯಲ್ಲಿಟ್ಟು ಯಂತ್ರವನ್ನಷ್ಟೇ ಕೊಡಬಹುದು. ಡಿಸ್ಕಿಗೆ ಏನಾದರೂ ಆದೀತೆಂಬ ಭಯವೂ ಇರುವುದಿಲ್ಲ.

ಇದೇ ಕಾರಣಕ್ಕೆ ಇಮೇಜ್ ಇರುವ ಡಿಸ್ಕನ್ನೂ ಜೋಪಾನ ಮಾಡಬೇಕು. ಅದರಲ್ಲಿ ನಿಮ್ಮ ಇಡೀ ಮನೆ ಇದೆ. ಕಪಾಟಿನಲ್ಲಿ ಬೀಗ ಹಾಕಿಡಿ. ಡಿಟಿಪಿ, ಟ್ಯೂಷನ್, ಹೊಲಿಗೆಯ ಲೆಕ್ಕ ಮುಂತಾದ ಕೆಲಸ ಮಾಡುವವರ ಬಳಿ ಬೇರೆಯವರ ಮಾಹಿತಿಯೂ ಇರುತ್ತದೆ. ಅದು ಅಮಾನತ್. ಅದನ್ನು ಕಳೆಯದಿರುವುದೂ, ಸೋರಲು ಬಿಡದಿರುವುದೂ ನಮ್ಮ ಹೊಣೆ.

ಒಂದು ಪ್ರತಿ ಸಾಲದು

1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ಒಂದು ಘಟನೆ ನಡೆಯಿತು. ಮಕ್ಕಳಿಗಾಗಿ ತಯಾರಾಗುತ್ತಿದ್ದ ಟಾಯ್ ಸ್ಟೋರಿ 2 ಎಂಬ ಅನಿಮೇಷನ್ ಚಿತ್ರದ ಫೈಲ್‌ಗಳಲ್ಲಿ ಹೆಚ್ಚಿನವು ಯಾರೋ ಕೊಟ್ಟ ಒಂದು ತಪ್ಪು ಆದೇಶದಿಂದ ಅಳಿಸಿಹೋದುವು. ಬ್ಯಾಕಪ್ ಇದೆಯಲ್ಲ ಎಂದು ತೆರೆದು ನೋಡಿದರೆ ಅದು ಸರಿಯಾಗಿ ಆಗಿರಲೇ ಇಲ್ಲ. ಅದನ್ನು ಯಾರೂ ಪರೀಕ್ಷಿಸಿರಲಿಲ್ಲ. ಆಗ ನೆರವಿಗೆ ಬಂದವರು ಗ್ಯಾಲಿನ್ ಸಸ್ಮನ್ ಎಂಬ ತಾಂತ್ರಿಕ ಮುಖ್ಯಸ್ಥೆ. ಹೆರಿಗೆಯಾದ ಬಳಿಕ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಅವರ ಮನೆಯ ಕಂಪ್ಯೂಟರಿನಲ್ಲಿ ಚಿತ್ರದ ಒಂದು ಪ್ರತಿ ಇತ್ತು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿಟ್ಟು ಜಾಗ್ರತೆಯಿಂದ ಕಚೇರಿಗೆ ತಂದರು. ದೊಡ್ಡ ಸಂಸ್ಥೆಯ ಯಂತ್ರಗಳು ಉಳಿಸಲಾರದ್ದನ್ನು ಹಸುಗೂಸಿನ ತಾಯಿಯ ಮನೆಯ ಕಂಪ್ಯೂಟರ್ ಉಳಿಸಿತು.

ಇದರಿಂದ ಎರಡು ಪಾಠಗಳಿವೆ. ಪರೀಕ್ಷಿಸದ ಬ್ಯಾಕಪ್ಪನ್ನು ನಂಬಬಾರದು. ಒಂದು ಪ್ರತಿಯಾದರೂ ಬೇರೆ ಮನೆಯಲ್ಲಿರಬೇಕು. ಬಲ್ಲವರು 3-2-1 ಎಂದು ಹೇಳುತ್ತಾರೆ: ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಮನೆಯ ಹೊರಗೆ. ತವರುಮನೆಯ ಕಪಾಟು ಅದಕ್ಕೆ ಒಳ್ಳೆಯ ಜಾಗ. ಇಮೇಜ್ ತೆಗೆದ ಕೂಡಲೇ ಎಕ್ಸ್‌ಟರ್ನಲ್ ಡಿಸ್ಕನ್ನು ಬಿಚ್ಚಿಡಿ. ಸದಾ ಜೋಡಿಸಿಟ್ಟರೆ ಸಿಡಿಲು ಎರಡನ್ನೂ ಒಟ್ಟಿಗೆ ಸುಡಬಹುದು. 2017ರ ಮೇ ತಿಂಗಳಲ್ಲಿ ಸುಮಾರು 150 ದೇಶಗಳಿಗೆ ಹರಡಿದ ವಾನಾಕ್ರೈಯಂತಹ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್‌ಗಳು ಜೋಡಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ. ಹೊಸ ಇಮೇಜ್ ತೆಗೆದ ತಕ್ಷಣ ಹಳೆಯದನ್ನು ಅಳಿಸಬೇಡಿ. ಹೊಸದರಲ್ಲಿ ದೋಷವಿದ್ದರೆ ಹಳೆಯದು ಬೇಕಾಗುತ್ತದೆ. ವಿಂಡೋಸಿನ ವ್ಯವಸ್ಥೆ ಹಳೆಯದರ ಮೇಲೆಯೇ ಬರೆಯುವ ಸಾಧ್ಯತೆ ಇರುವುದರಿಂದ ಎರಡನೆಯ ಇಮೇಜಿಗೆ ಬೇರೆ ಡಿಸ್ಕ್ ಬಳಸುವುದು ಕ್ಷೇಮ.

ಪ್ರತಿಗಳನ್ನು ಕಾಪಾಡುವ ಮಹತ್ವ ನಮಗೆ ಹೊಸದಲ್ಲ. ಯಮಾಮ ಯುದ್ಧದಲ್ಲಿ ಕುರ್‌ಆನ್ ಕಂಠಪಾಠವಿದ್ದ ಅನೇಕ ಸಹಾಬಿಗಳು ಹುತಾತ್ಮರಾದಾಗ ಹ. ಉಮರ್(ರ)ರ ಸಲಹೆಯಂತೆ ಹ. ಅಬೂಬಕರ್(ರ) ಅದನ್ನು ಒಂದೆಡೆ ಬರೆದಿಡಲು ಹ. ಝೈದ್ ಬಿನ್ ಸಾಬಿತ್(ರ)ರಿಗೆ ವಹಿಸಿದರು. ಆ ಪ್ರತಿ ಮುಂದೆ ಹ. ಉಮರ್(ರ)ರ ಬಳಿ, ಅವರ ನಂತರ ಪುತ್ರಿಯೂ ಪ್ರವಾದಿ(ಸ)ಯವರ ಪತ್ನಿಯೂ ಆದ ಹ. ಹಫ್ಸಾ(ರ)ರ ಬಳಿ ಇತ್ತು. ಹ. ಉಸ್ಮಾನ್(ರ) ಅವರಿಂದಲೇ ಅದನ್ನು ಪಡೆದು, ಪ್ರತಿಗಳನ್ನು ಮಾಡಿಸಿ ಬೇರೆ ಬೇರೆ ಪ್ರದೇಶಗಳಿಗೆ ಕಳುಹಿಸಿ, ಮೂಲ ಪ್ರತಿಯನ್ನು ಅವರಿಗೇ ಮರಳಿಸಿದರು. ನಮ್ಮ ಕಂಪ್ಯೂಟರಿನ ಫೈಲ್‌ಗಳನ್ನು ಅದಕ್ಕೆ ಹೋಲಿಸುವ ಉದ್ದೇಶ ನನಗಿಲ್ಲ. ಆದರೆ ಅಮೂಲ್ಯವಾದುದನ್ನು ಕಾಪಾಡುವ ಹೊಣೆಯನ್ನು ಒಬ್ಬ ಮಹಿಳೆಗೆ ಒಪ್ಪಿಸಿದ ಸಮುದಾಯ ನಮ್ಮದು ಎಂಬುದು ನೆನಪಿರಲಿ. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಪ್ರವಾದಿ(ಸ)ಯವರ ಬೋಧನೆಯೂ ನಮ್ಮ ಮುಂದಿದೆ.

ನೆರೆಮನೆಯ ಸಹೋದರಿ ಈಗ ಪ್ರತಿ ಎರಡು ತಿಂಗಳಿಗೊಮ್ಮೆ ಇಮೇಜ್ ತೆಗೆಯುತ್ತಾರೆ. ಕಳೆದುಹೋದ ಸಂದೇಶಗಳ ಪೈಕಿ ಒಂದು ಮಾತ್ರ, ಅವರು ಹಿಂದೊಮ್ಮೆ ಸೌದಿಯಲ್ಲಿರುವ ತಮ್ಮನಿಗೆ ಕಳುಹಿಸಿದ್ದು, ತಮ್ಮನ ಫೋನಿನಲ್ಲಿ ಸಿಕ್ಕಿತು. ಹನ್ನೊಂದು ಸೆಕೆಂಡಿನದ್ದು. ಮಳೆ ಬರುತ್ತಿದೆ, ಬಟ್ಟೆ ಒಳಗೆ ತೆಗೆ ಎಂದು ಬಾಪ ಹೇಳುತ್ತಾರೆ. ಅದು ಈಗ ಮೂರು ಕಡೆ ಇದೆ.

ನಿಮ್ಮ ಮನೆಯಲ್ಲೂ ಅಂತಹದ್ದೊಂದು ಇರಬಹುದು. ಈ ಶುಕ್ರವಾರ ಬಿಡುವು ಮಾಡಿಕೊಂಡು ಕುಳಿತುಕೊಳ್ಳಿ. ಮಳೆ ಬರುವ ಮುಂಚೆ ಬಟ್ಟೆ ಒಳಗೆ ತೆಗೆಯಿರಿ.